ಸೂಪರ್ ನಿಂಟೆಂಡೊ ಆಟಗಳು: ಕಾರ್ಟ್ರಿಜ್ ಬಿಚ್ಚಿಟ್ಟು ನೋಡಿದಾಗ

ಸೂಪರ್ ನಿಂಟೆಂಡೊ ಗೇಮ್ ಕನ್ಸೋಲಿನ ಕಾರ್ಟ್ರಿಜ್ (ಆಟ ತುಂಬಿಟ್ಟ ಪ್ಲಾಸ್ಟಿಕ್ ಡಬ್ಬಿ) ಒಂದು ಕೈಗೆ ಬಂದರೆ ಮೊದಲು ತಲೆಕೆಳಗು ಮಾಡಿ ಪಿನ್ನುಗಳನ್ನು ನೋಡಿ. ಸೂಪರ್ ಮಾರಿಯೊ ವರ್ಲ್ಡ್ ಆದರೆ ನಡುವೆ ಮಾತ್ರ ಪಿನ್ನುಗಳಿರುತ್ತವೆ, ಬೋರ್ಡಿನ ಎರಡೂ ಮುಖ ಸೇರಿ 46. ಸ್ಟಾರ್ ಫಾಕ್ಸ್ ಆದರೆ ಆ ಸಾಲಿನ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಗುಂಪು ಇದ್ದು ಲೆಕ್ಕ 62ಕ್ಕೆ ಹೋಗುತ್ತದೆ. ಈ ಕನ್ಸೋಲಿನ ಗುಟ್ಟು ಆ ಹೆಚ್ಚುವರಿ 16 ಪಿನ್ನುಗಳಲ್ಲಿದೆ. 1990ರ ನವೆಂಬರ್ 21ರಂದು ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಹೆಸರಿನಲ್ಲಿ ಬಂದ ಯಂತ್ರ ಇದು. ಪ್ರೊಸೆಸರಿನ ಗರಿಷ್ಠ ವೇಗ 3.58 ಮೆಗಾಹರ್ಟ್ಸ್, ಕೆಲಸದ ಮೆಮೊರಿ 128 ಕಿಲೊಬೈಟ್. ಇಷ್ಟರಲ್ಲಿ ಆಗದ ಕೆಲಸವನ್ನು ಆಟ ತನ್ನ ಕಾರ್ಟ್ರಿಜ್ಜಿನಲ್ಲೇ ಚಿಪ್ ಇಟ್ಟುಕೊಂಡು ಬಂದು ಮಾಡಿಕೊಳ್ಳಲಿ ಎಂದು ವಿನ್ಯಾಸದಲ್ಲೇ ಜಾಗ ಬಿಟ್ಟಿದ್ದರು. ಹಾಗಾಗಿ ಇಲ್ಲಿ ಆಟವನ್ನೂ ಅದರ ಬೋರ್ಡನ್ನೂ ಒಟ್ಟಿಗೇ ತೂಗಿ ನೋಡಬೇಕು. ಯಾವ ಆಟ ಇವತ್ತಿಗೂ ಆಡುವಂತಿದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬ ಎರಡು ಪ್ರಶ್ನೆಗೂ ಉತ್ತರ ಸಿಗುವುದು ಆ ಪ್ಲಾಸ್ಟಿಕ್ ಡಬ್ಬಿಯೊಳಗೆ.

ಮೊದಲು ಕೊಳ್ಳಬೇಕಾದದ್ದು ಸೂಪರ್ ಮಾರಿಯೊ ವರ್ಲ್ಡ್. ಇಡೀ ಆಟ 4 ಮೆಗಾಬಿಟ್, ಅಂದರೆ ಬರೀ 512 ಕಿಲೊಬೈಟ್. ಅಷ್ಟರಲ್ಲೇ 96 ನಿರ್ಗಮನಗಳು, ನಾಲ್ಕು ಬಣ್ಣದ ಸ್ವಿಚ್ ಪ್ಯಾಲೆಸ್‌ಗಳು, ಒಂದು ಗುಟ್ಟಿನ ದಾರಿ ಇನ್ನೊಂದಕ್ಕೆ ಕೊಂಡಿಯಾಗುವ ನಕ್ಷೆ. ಕೇಪ್ ಹಾಕಿಕೊಂಡು ಹಾರುವಾಗ ಹಿಂದಕ್ಕೆಳೆದು ಎತ್ತರಕ್ಕೇರಿ, ಮತ್ತೆ ಇಳಿದು, ಮತ್ತೆ ಏರುವ ಆ ಲಯ ಬೆರಳಿಗೆ ಹತ್ತಿತೆಂದರೆ ಬಿಡುವುದಿಲ್ಲ. ಹೊಸಬರು ಎಡವುವುದು ಸೇವ್ ವಿಷಯದಲ್ಲಿ. ಪ್ರತಿ ಹಂತ ಮುಗಿದಾಗಲೂ ಸೇವ್ ಆಗುವುದಿಲ್ಲ. ಕೋಟೆ, ಭೂತದ ಮನೆ ಅಥವಾ ಸ್ವಿಚ್ ಪ್ಯಾಲೆಸ್ ಮುಗಿಸಿದಾಗ ಮಾತ್ರ ‘ಸೇವ್ ಮಾಡಲೇ’ ಎಂದು ಕೇಳುತ್ತದೆ. ನಾಲ್ಕು ಹಂತ ದಾಟಿ ಹಾಗೇ ಪವರ್ ಆಫ್ ಮಾಡಿದರೆ ಆ ನಾಲ್ಕೂ ಹೋದವು. ನಡುವೆ ಎದ್ದು ಹೋಗಬೇಕಾದರೆ ಮುಗಿಸಿದ ಭೂತದ ಮನೆಯೊಂದಕ್ಕೆ ಮರಳಿ ಅದನ್ನೇ ಮತ್ತೊಮ್ಮೆ ಮುಗಿಸಿ, ಸೇವ್ ಕೇಳುತ್ತದೆ.

ದಿ ಲೆಜೆಂಡ್ ಆಫ್ ಜೆಲ್ಡಾ: ಎ ಲಿಂಕ್ ಟು ದಿ ಪಾಸ್ಟ್ 1991ರದ್ದು, 8 ಮೆಗಾಬಿಟ್. ಬೆಳಕಿನ ಲೋಕ, ಕತ್ತಲ ಲೋಕ ಎಂದು ಒಂದೇ ನಕ್ಷೆಯನ್ನು ಎರಡು ಸಲ ಬಳಸಿದ್ದಾರೆ. ಮೆಮೊರಿ ಉಳಿಸಲು ಹೀಗೆ ಮಾಡಿದರೋ ಎಂದು ಮೊದಲಿಗೆ ಅನ್ನಿಸಿದರೂ, ಅಲ್ಲಿ ಬಂಡೆ ಅಡ್ಡ ಬಂದರೆ ಇಲ್ಲಿಂದ ಸುತ್ತು ಹಾಕಿ ಅದರ ಹಿಂದೆ ಎದ್ದು ನಿಲ್ಲುವಾಗ ಆ ಆಲೋಚನೆಯ ಬೆಲೆ ತಿಳಿಯುತ್ತದೆ. ಈ ಆಟದಲ್ಲಿ ಹಳಸಿದ್ದು ಎಂದು ಬೆರಳು ತೋರಿಸುವಂಥದ್ದು ಬಹಳ ಕಡಿಮೆ.

ಸೂಪರ್ ಮೆಟ್ರಾಯ್ಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. 1994ರ ಆಟ, 24 ಮೆಗಾಬಿಟ್, ವಿಶೇಷ ಚಿಪ್ ಯಾವುದೂ ಇಲ್ಲ. ಕನ್ಸೋಲಿನ ಸ್ವಂತ ಶಕ್ತಿಯಿಂದಲೇ ಎಷ್ಟು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆಟ ಬಾಯಿಬಿಟ್ಟು ಏನನ್ನೂ ಕಲಿಸುವುದಿಲ್ಲ. ಗೋಡೆಯಿಂದ ಗೋಡೆಗೆ ಜಿಗಿಯುವುದನ್ನು ಮೂರು ಪುಟ್ಟ ಪ್ರಾಣಿಗಳು ಮಾಡಿ ತೋರಿಸುತ್ತವೆ, ನೀವು ನೋಡಿ ಕಲಿಯಬೇಕು. ಅಲ್ಲಿ ಬಹಳಷ್ಟು ಜನ ಸೋಲುವುದಕ್ಕೆ ಕಾರಣ ಒಂದೇ, ದಿಕ್ಕನ್ನೂ ಜಿಗಿತವನ್ನೂ ಒಟ್ಟಿಗೆ ಒತ್ತುವುದು. ಸರಿಯಾದ ಕ್ರಮ ಹೀಗಿದೆ: ಓಡುತ್ತಾ ಜಿಗಿದು ಉರುಳುತ್ತಲೇ ಗೋಡೆಗೆ ತಾಗಬೇಕು, ತಾಗಿದ ಕೂಡಲೇ ಡಿ-ಪ್ಯಾಡನ್ನು (ದಿಕ್ಕಿನ ಬಟನ್) ಗೋಡೆಯ ವಿರುದ್ಧ ದಿಕ್ಕಿಗೆ ಒತ್ತಬೇಕು. ಆಟದ ನಾಯಕಿ ಸ್ಯಾಮಸ್ ಗೋಡೆಗೆ ಕಾಲು ಕೊಟ್ಟು ನಿಂತ ಭಂಗಿ ಒಂದು ಕ್ಷಣ ಕಾಣುತ್ತದೆ, ಆಗ ಜಿಗಿತದ ಬಟನ್. ಇನ್ನೊಂದು ಕಡೆ, ಕಾಲಿಟ್ಟರೆ ಕುಸಿಯುವ ಸೇತುವೆಯ ಹತ್ತಿರ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಬಿ ಬಟನ್ ಒತ್ತಿ ಹಿಡಿದರೆ ವೇಗವಾಗಿ ಓಡಬಹುದು ಎಂಬುದು ಅಲ್ಲಿಯವರೆಗೆ ಅವರ ಗಮನಕ್ಕೇ ಬಂದಿರುವುದಿಲ್ಲ. ಹುಡುಕಬೇಕಾದ ವಸ್ತುಗಳು ಒಟ್ಟು 100. ಆಟದ ಗಡಿಯಾರದಲ್ಲಿ 3 ಗಂಟೆಯೊಳಗೆ ಮುಗಿಸಿದವರಿಗೆ ಕೊನೆಯ ಚಿತ್ರವೇ ಬೇರೆ. ಈ ಕನ್ಸೋಲಿಗೆ ಒಂದೇ ಆಟ ಇಟ್ಟುಕೊಳ್ಳಿ ಎಂದರೆ ಇದನ್ನೇ ಇಟ್ಟುಕೊಳ್ಳಬೇಕು.

ಇನ್ನು ಚಿಪ್ ಹೊತ್ತು ತಂದ ಆಟಗಳು. 1993ರ ಸ್ಟಾರ್ ಫಾಕ್ಸ್ ಒಳಗೆ ಸೂಪರ್ ಎಫ್‌ಎಕ್ಸ್ ಎಂಬ ಚಿಪ್ ಇದೆ. ಬಹುಭುಜಗಳಿಂದ ಕಟ್ಟಿದ ಮೂರು ಆಯಾಮದ ಲೋಕವನ್ನು ಲೆಕ್ಕ ಹಾಕಿ ಬಿಡಿಸುವುದು ಅದೇ. ಇವತ್ತಿನ ಕಣ್ಣಿಗೆ ಇದರ ಕೊರತೆ ಥಟ್ಟನೆ ಕಾಣುತ್ತದೆ: ಸೆಕೆಂಡಿಗೆ 20 ಚಿತ್ರಗಳನ್ನೂ ಮುಟ್ಟುವುದಿಲ್ಲ, ಪರದೆಯಲ್ಲಿ ಶತ್ರುಗಳು ಹೆಚ್ಚಾದಷ್ಟೂ ಎಳೆಯುತ್ತದೆ. ಆದರೂ ಮೂರು ದಾರಿಗಳಿರುವ ನಕ್ಷೆ, ಒಂದೇ ಕೂರಿಕೆಯಲ್ಲಿ ಮುಗಿಯುವ ಅಳತೆ, ದಾರಿಗೆ ತಕ್ಕಂತೆ ಏರುವ ಕಷ್ಟ, ಇವು ಇನ್ನೂ ಗಟ್ಟಿಯಾಗಿವೆ. ಸೇವ್ ಇಲ್ಲ, ಆದ್ದರಿಂದ ಸೇವ್ ಉಳಿಸುವ ಬ್ಯಾಟರಿಯ ತಲೆನೋವೂ ಇಲ್ಲ. 1992ರ ಸೂಪರ್ ಮಾರಿಯೊ ಕಾರ್ಟ್ ಒಳಗಿರುವುದು ಡಿಎಸ್‌ಪಿ-1, ನೆಲವನ್ನು ತಿರುಗಿಸುವ ಮೋಡ್ 7 ಲೆಕ್ಕಕ್ಕೆ ನೆರವಾಗುವ ಚಿಪ್. ಒಬ್ಬರೇ ಆಡಿದರೂ ಪರದೆ ಎರಡು ಭಾಗವಾಗಿಯೇ ಇರುತ್ತದೆ, ಕೆಳಗಿನ ಅರ್ಧಕ್ಕೆ ನಕ್ಷೆ ಬರುತ್ತದೆ. ಇದು ಇಬ್ಬರು ಕೂತು ಆಡಬೇಕಾದ ಆಟ. ಬಲೂನ್ ಒಡೆಯುವ ಬ್ಯಾಟಲ್ ಮೋಡ್ ಒಂದಕ್ಕೇ ಕಾರ್ಟ್ರಿಜ್ ಕೊಳ್ಳಬಹುದು. ಒಬ್ಬರೇ ಆಡುವವರಿಗೆ ಅದೇ ಮೋಡ್ 7 ನೆಲದ ಮೇಲೆ ಓಡುವ ಎಫ್-ಜೀರೊ ಹೆಚ್ಚು ಹಿತ, ಅದರಲ್ಲಿ ಇಬ್ಬರ ಆಟವೇ ಇಲ್ಲ.

1995ರ ಯೋಶೀಸ್ ಐಲ್ಯಾಂಡ್ ಒಳಗಿರುವುದು ಸೂಪರ್ ಎಫ್‌ಎಕ್ಸ್ 2. ಇಲ್ಲಿ ಅದರ ಕೆಲಸ ದೊಡ್ಡ ಚಿತ್ರಗಳನ್ನು ಹಿಗ್ಗಿಸುವುದು, ಹಿಂಡುವುದು, ತಿರುಗಿಸುವುದು. ಮೇಣದ ಬಣ್ಣದಲ್ಲಿ ಗೀಚಿದಂತಿರುವ ಆ ಲೋಕಕ್ಕೆ ಮುಪ್ಪೇ ಬಂದಿಲ್ಲ. ಪ್ರತಿ ಹಂತಕ್ಕೂ 100 ಅಂಕ: ನಕ್ಷತ್ರಕ್ಕೆ 30, ಕೆಂಪು ನಾಣ್ಯಕ್ಕೆ 20, ಐದು ಹೂವಿಗೆ ಹತ್ತರಂತೆ 50. ಮಗು ಮಾರಿಯೊನ ಅಳುವಿನ ಸದ್ದು ಮಾತ್ರ ನಿಜಕ್ಕೂ ಸಹಿಸಲಾಗದು. ವಿನ್ಯಾಸಕರು ಬೇಕೆಂದೇ ಹಾಗೆ ಮಾಡಿದ್ದಾರೆ, ಕೆಲಸವನ್ನೂ ಮಾಡುತ್ತದೆ, ಆದರೂ ಸದ್ದು ಸ್ವಲ್ಪ ತಗ್ಗಿಸಿಟ್ಟು ಆಡಿ.

ಕಥೆ ಬೇಕೆನ್ನುವವರಿಗೆ ಎರಡು ಹೆಸರು ಸಾಕು. 1994ರ ಫೈನಲ್ ಫ್ಯಾಂಟಸಿ 6 ಅಮೆರಿಕದಲ್ಲಿ ‘ಫೈನಲ್ ಫ್ಯಾಂಟಸಿ 3’ ಎಂಬ ಹೆಸರಿನಲ್ಲಿ ಬಂದಿತ್ತು, ಕೊಳ್ಳುವಾಗ ಲೇಬಲ್ ನೋಡಿ ಗೊಂದಲಪಡಬೇಡಿ. ಆಡಬಹುದಾದ ಪಾತ್ರಗಳು 14. ಅದರಲ್ಲಿ ರೆಲ್ಮ್ ಎಂಬ ಹುಡುಗಿಯ ‘ಸ್ಕೆಚ್’ ಆಜ್ಞೆಯನ್ನು ಮಾತ್ರ ಮುಟ್ಟಬೇಡಿ. ಮೊದಲ ಮುದ್ರಣದ ಕಾರ್ಟ್ರಿಜ್‌ಗಳಲ್ಲಿ ಅದಕ್ಕೊಂದು ದೋಷವಿದೆ: ಸ್ಕೆಚ್ ಗುರಿ ತಪ್ಪಿದಾಗ ಕೆಲವೊಮ್ಮೆ ಮೆಮೊರಿ ಕಲಸಿಹೋಗಿ ಚೀಲದ ತುಂಬ ಕಸ ತುಂಬುತ್ತದೆ, ಆಟ ನಿಂತೇ ಹೋಗಬಹುದು, ಸೇವ್ ಕೂಡ ಕೆಡಬಹುದು. ನಂತರದ ಮುದ್ರಣದಲ್ಲಿ ಸರಿಪಡಿಸಿದರು. 1995ರ ಕ್ರೋನೊ ಟ್ರಿಗರ್ 32 ಮೆಗಾಬಿಟ್. ಯುದ್ಧಕ್ಕೆ ಬೇರೆ ಪರದೆಗೆ ಹೋಗದೆ ನಿಂತ ಜಾಗದಲ್ಲೇ ನಡೆಯುತ್ತದೆ, ಅದರಿಂದ ಕಥೆಯ ಓಟಕ್ಕೆ ಎಲ್ಲೂ ತಡೆ ಬೀಳುವುದಿಲ್ಲ. ಒಮ್ಮೆ ಮುಗಿಸಿದವರು ಗಳಿಸಿದ ಶಕ್ತಿಯೊಡನೆ ಮತ್ತೆ ಶುರುಮಾಡಬಹುದು, ಅಂತ್ಯಗಳು ಹತ್ತಕ್ಕೂ ಹೆಚ್ಚು. ಯುರೋಪಿನಲ್ಲಿ ಈ ಕನ್ಸೋಲಿಗೆ ಇದು ಬರಲೇ ಇಲ್ಲ. ಹಾಗಾಗಿ ಯುರೋಪಿನ ಆಕಾರದ ಕಾರ್ಟ್ರಿಜ್ ಮೇಲೆ ಕ್ರೋನೊ ಟ್ರಿಗರ್ ಇಂಗ್ಲಿಷ್ ಲೇಬಲ್ ಕಂಡರೆ ಅದು ನಕಲಿಯೇ, ಬಿಚ್ಚಿ ನೋಡುವ ಅಗತ್ಯವೂ ಇಲ್ಲ.

ಡಾಂಕಿ ಕಾಂಗ್ ಕಂಟ್ರಿ ನೋಡಲು ಈಗಲೂ ಸೊಗಸು, ಸಂಗೀತ ಅದಕ್ಕಿಂತ ಸೊಗಸು, ಆಟವಾಗಿ ಮಾರಿಯೊಗಿಂತ ಒಂದು ಮೆಟ್ಟಿಲು ಕೆಳಗೆ. ಗ್ರೇಡಿಯಸ್ 3 ಕೊಳ್ಳುವ ಮುಂಚೆ ಯೋಚಿಸಿ. ಪರದೆ ತುಂಬ ಗುಂಡುಗಳು ಬಂದಾಗ ಆಟ ಅರ್ಧ ವೇಗಕ್ಕಿಳಿದಂತೆ ತೆವಳುತ್ತದೆ. ಅದು ನಿಮ್ಮ ಯಂತ್ರದ ದೋಷ ಅಲ್ಲ. ಆಟ ತುಂಬಿರುವ ನಿಧಾನದ ರೋಮ್ (ROM) ಚಿಪ್ ಓದುವಾಗ ಪ್ರೊಸೆಸರ್ 2.68 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಆ ಕಾಲದ ಮೊದಲ ಆಟಗಳಲ್ಲಿ ಇದು ಮಾಮೂಲು.

ಬ್ಯಾಟರಿ, ಪಿನ್ನು, ನಕಲಿ

ಸೇವ್ ಇರುವ ಹೆಚ್ಚಿನ ಕಾರ್ಟ್ರಿಜ್‌ಗಳಲ್ಲಿ ಸಿಆರ್2032 ನಾಣ್ಯ ಬ್ಯಾಟರಿ ಇದೆ. ಮೇಲೆ ಹೇಳಿದವುಗಳಲ್ಲಿ ಮಾರಿಯೊ ವರ್ಲ್ಡ್, ಜೆಲ್ಡಾ, ಮೆಟ್ರಾಯ್ಡ್, ಯೋಶಿ, ಎಫ್-ಜೀರೊ, ಮಾರಿಯೊ ಕಾರ್ಟ್, ಡಾಂಕಿ ಕಾಂಗ್, ಕ್ರೋನೊ ಟ್ರಿಗರ್, ಫೈನಲ್ ಫ್ಯಾಂಟಸಿ ಎಲ್ಲಕ್ಕೂ ಬ್ಯಾಟರಿ ಉಂಟು. ಮೆಗಾ ಮ್ಯಾನ್ ಎಕ್ಸ್‌ನಂಥ ಆಟಗಳು ಪಾಸ್‌ವರ್ಡ್ ಕೊಡುತ್ತವೆ, ಅವಕ್ಕೆ ಈ ಕಾಟ ಇಲ್ಲ. ಬ್ಯಾಟರಿ ಸತ್ತರೂ ಆಟ ಎಂದಿನಂತೆ ನಡೆಯುತ್ತದೆ, ಸೇವ್ ಆದಂತೆಯೂ ಕಾಣುತ್ತದೆ. ಆಫ್ ಮಾಡಿ ಮರುದಿನ ಹಾಕಿದಾಗಲೇ ಖಾಲಿ. ಮಾರುವವರು ‘ಸೇವ್ ಆಗುತ್ತದೆ’ ಎಂದು ಅಲ್ಲೇ ರೀಸೆಟ್ ಒತ್ತಿ ತೋರಿಸಿದರೆ ನಂಬಬೇಡಿ. ಪವರ್ ಇರುವಾಗ ಆ ಮೆಮೊರಿಗೆ ವಿದ್ಯುತ್ ಕೊಡುವುದು ಕನ್ಸೋಲೇ.

ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಕಾರ್ಟ್ರಿಜ್ ತಿರುಪಿಗೆ 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು, ಕನ್ಸೋಲಿಗೆ 4.5. ಕರಗಿಸಿದ ಪೆನ್ನಿನ ತುದಿ ಒತ್ತಿ ತೆಗೆಯುವ ಉಪಾಯ ಮಾಡಿದರೆ ತಿರುಪಿನ ತಲೆ ಪ್ಲಾಸ್ಟಿಕ್ಕಿನಿಂದ ಮೆತ್ತಿಕೊಳ್ಳುತ್ತದೆ, ಬಿಟ್ ಕೊಳ್ಳುವುದೇ ಒಳ್ಳೆಯದು. ಬೋರ್ಡು ಹೊರತೆಗೆದು ಮಲ್ಟಿಮೀಟರ್ ಇಡಿ. 3 ವೋಲ್ಟ್ ಸುತ್ತಮುತ್ತ ಇದ್ದರೆ ಮುಟ್ಟಬೇಡಿ, 2.5ಕ್ಕಿಂತ ಕೆಳಗಿದ್ದರೆ ಬದಲಿಸಿ. ಹಳೆಯ ಬ್ಯಾಟರಿ ತೆಗೆದ ಕೂಡಲೇ ಸೇವ್ ಅಳಿಸಿಹೋಗುತ್ತದೆ, ಬೇಕಾದರೆ ಮೊದಲೇ ಕಾರ್ಟ್ರಿಜ್ ರೀಡರಿನಲ್ಲಿ ಪ್ರತಿ ತೆಗೆದಿಟ್ಟುಕೊಳ್ಳಿ. ಬೆಸುಗೆ ಕಡ್ಡಿ 350 ಡಿಗ್ರಿ ಸೆಲ್ಸಿಯಸ್ ಸುಮಾರಿಗಿರಲಿ. ಹಳೆಯ ಬೆಸುಗೆಯ ಮೇಲೆ ಒಂದು ಹನಿ ಹೊಸ ಸೀಸ ಸೇರಿಸಿದರೆ ಬೇಗ ಕರಗುತ್ತದೆ. ಕರಗುವ ಮುಂಚೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬೋರ್ಡಿನ ತಾಮ್ರದ ಗೆರೆಯೇ ಕಿತ್ತು ಬರುತ್ತದೆ, ಹಾಳಾದ ಕಾರ್ಟ್ರಿಜ್‌ಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು. ಹೊಸದು ತಗಡಿನ ಕಾಲು ಸೇರಿಸಿಯೇ ಬರುವ ಬ್ಯಾಟರಿ ಆಗಿರಲಿ. ಬರಿಯ ನಾಣ್ಯ ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕಿದರೆ ಶಾಖಕ್ಕೆ ಸಿಡಿಯಬಹುದು. ಟೇಪು ಸುತ್ತಿ ಕೂರಿಸಿದರೆ ಕೆಲವು ತಿಂಗಳಲ್ಲಿ ಸಡಿಲವಾಗಿ ಸೇವ್ ಹೋಗುತ್ತದೆ. ಬೋರ್ಡಿನ ಮೇಲಿನ ಪ್ಲಸ್ ಗುರುತನ್ನು ಎರಡು ಸಲ ನೋಡಿ. ಮುಚ್ಚುವ ಮುಂಚೆ ಒಂದು ಸೇವ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ.

ಕೆಂಪು ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು ಎಂದರೆ ಮೊದಲ ಅನುಮಾನ ಕೊಳೆಯ ಮೇಲಿರಲಿ. ಇಲ್ಲಿ ಆ 16 ಪಿನ್ನುಗಳು ಮತ್ತೆ ಲೆಕ್ಕಕ್ಕೆ ಬರುತ್ತವೆ. ಮಾರಿಯೊ ಚೆನ್ನಾಗಿ ನಡೆದು ಸ್ಟಾರ್ ಫಾಕ್ಸ್ ಮಾತ್ರ ಏಳದಿದ್ದರೆ ಚಿಪ್ ಸತ್ತಿದೆ ಎಂದು ಕೈಬಿಡುವವರಿದ್ದಾರೆ. ಅದಕ್ಕೂ ಮುಂಚೆ ಕನ್ಸೋಲಿನ ಸ್ಲಾಟಿನ ಎರಡು ತುದಿಗಳನ್ನು ಶುಚಿ ಮಾಡಿ. ಮಾರಿಯೊ ಕಾರ್ಟ್ರಿಜ್ ಆ ತುದಿಗಳನ್ನು ಮುಟ್ಟುವುದೇ ಇಲ್ಲ, ಹಾಗಾಗಿ ವರ್ಷಗಟ್ಟಲೆ ಕಿಲುಬು ಅಲ್ಲಿ ಹಾಗೇ ಕೂತಿರುತ್ತದೆ. ಶುಚಿಗೆ ಶೇ. 90ಕ್ಕಿಂತ ಗಾಢವಾದ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ. ಪಿನ್ನಿನ ಉದ್ದಕ್ಕೆ ಒರೆಸಿ, ಕಡ್ಡಿ ಬೆಳ್ಳಗೆ ಬರುವವರೆಗೆ ಬದಲಿಸುತ್ತಾ ಹೋಗಿ, ಐದು ನಿಮಿಷ ಒಣಗಲು ಬಿಡಿ. ಉಪ್ಪುಕಾಗದ ಬೇಡವೇ ಬೇಡ, ಚಿನ್ನದ ತೆಳು ಲೇಪ ಹೋದರೆ ಮರಳಿ ಬರುವುದಿಲ್ಲ. ಬಾಯಿಂದ ಊದುವ ಅಭ್ಯಾಸವನ್ನೂ ಬಿಡಿ. ಊದಿದ ಮೇಲೆ ನಡೆಯುವುದು ಕಾರ್ಟ್ರಿಜ್ ಮತ್ತೊಮ್ಮೆ ಕೂರಿಸಿದ್ದರಿಂದ, ಉಸಿರಿನ ತೇವ ಮಾತ್ರ ಒಳಗೇ ಉಳಿದು ಕಿಲುಬು ಕಟ್ಟುತ್ತದೆ.

ನಕಲಿಯನ್ನು ಹೊರಗಿನಿಂದಲೇ ಅರ್ಧ ಗುರುತಿಸಬಹುದು. ಅಮೆರಿಕದ ಅಸಲಿ ಕಾರ್ಟ್ರಿಜ್ಜಿನ ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಶಾಯಿ ಇಲ್ಲದೆ ಒತ್ತಿದ ಪುಟ್ಟ ಎರಡಂಕಿಯ ಅಚ್ಚು ಕಾಣುತ್ತದೆ. ಉಳಿದರ್ಧ ಬಿಚ್ಚಿದ ಮೇಲೆ. ಅಸಲಿ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು, ವರ್ಷ, ಎಸ್‌ಎಚ್‌ವಿಸಿ ಎಂದು ಶುರುವಾಗುವ ಸಂಕೇತ ಮುದ್ರಿತವಾಗಿರುತ್ತವೆ, ಅಗಲವಾದ ಚಿಪ್ಪುಗಳು ಅಚ್ಚುಕಟ್ಟಾಗಿ ಕೂತಿರುತ್ತವೆ. ಕಪ್ಪು ಅಂಟಿನ ಗುಡ್ಡೆ ಅಥವಾ ಪುಟ್ಟ ಬೋರ್ಡಿನ ಮೇಲೆ ಕೂರಿಸಿದ ತೆಳು ಫ್ಲ್ಯಾಶ್ ಚಿಪ್ ಕಂಡರೆ ನಕಲಿ. ‘ಆಟ ನಡೆದರೆ ಸಾಕಲ್ಲ’ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಅಂಥ ಎಷ್ಟೋ ಬೋರ್ಡುಗಳಲ್ಲಿ 3.3 ವೋಲ್ಟಿನ ಫ್ಲ್ಯಾಶ್ ಚಿಪ್ಪಿಗೆ ಕನ್ಸೋಲಿನ 5 ವೋಲ್ಟನ್ನು ನಡುವೆ ಏನೂ ಇಲ್ಲದೆ ನೇರವಾಗಿ ಕೊಟ್ಟಿರುತ್ತಾರೆ. ಆ ಒತ್ತಡ ಚಿಪ್ ಮೇಲೂ ಬೀಳುತ್ತದೆ, ಕನ್ಸೋಲಿನ ಮೇಲೂ.

ಯಂತ್ರದ ಕಡೆ

ಬೇರೆ ಪ್ರದೇಶದ ಕಾರ್ಟ್ರಿಜ್ ನಡೆಯದಂತೆ ತಡೆಯುವ ಬೀಗದ ಚಿಪ್ ಜಪಾನ್ ಮತ್ತು ಅಮೆರಿಕದ ಕನ್ಸೋಲುಗಳಲ್ಲಿ ಒಂದೇ, ತಡೆ ಇರುವುದು ಪ್ಲಾಸ್ಟಿಕ್ಕಿನಲ್ಲಿ ಮಾತ್ರ. ಅಮೆರಿಕದ ಕನ್ಸೋಲಿನ ಸ್ಲಾಟಿನಲ್ಲಿರುವ ಎರಡು ಸಣ್ಣ ಚಾಚುಗಳನ್ನು ಕತ್ತರಿಸಿದರೆ ಜಪಾನಿನ ಕಾರ್ಟ್ರಿಜ್ ಕೂರುತ್ತದೆ. ಯುರೋಪಿನ ಯಂತ್ರದ ಬೀಗ ಬೇರೆ, ಜೊತೆಗೆ ಸೆಕೆಂಡಿಗೆ 60ರ ಬದಲು 50 ಸಲ ಚಿತ್ರ ಬಿಡಿಸುತ್ತದೆ. ಸರಿಹೊಂದಿಸದ ಆಟಗಳು ಶೇ. 17ರಷ್ಟು ನಿಧಾನವಾಗಿ ಓಡುತ್ತವೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಆಯ್ಕೆ ಇದ್ದರೆ 60ರ ಯಂತ್ರವನ್ನೇ ಕೊಳ್ಳಿ.

ಅಡಾಪ್ಟರ್ ವಿಷಯದಲ್ಲಿ ಅಂದಾಜು ಬೇಡ. ಜಪಾನ್ ಮತ್ತು ಅಮೆರಿಕದ ಯಂತ್ರಕ್ಕೆ 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್. ಯುರೋಪಿನದಕ್ಕೆ 9 ವೋಲ್ಟ್ ಎಸಿ. ಜಪಾನಿನ ಯಂತ್ರದ ಪ್ಲಗ್ಗಿನ ನಡುಭಾಗ ಮೈನಸ್, ಅದು ಅದಲುಬದಲಾದರೆ ಕೆಲಸ ಕೆಡುತ್ತದೆ. ದೀಪವೇ ಹತ್ತದ ಯಂತ್ರ ಸಿಕ್ಕರೆ ಬೋರ್ಡಿನ 1.5 ಆಂಪಿಯರ್ ಫ್ಯೂಸ್ ಮೊದಲು ಅಳೆಯಿರಿ. ಸತ್ತಿದೆ ಎಂದು ಬಿಸಾಡಿದ ಎಷ್ಟೋ ಯಂತ್ರಗಳಲ್ಲಿ ಹೋಗಿರುವುದು ಅದೊಂದೇ. ಯಂತ್ರ ಪರೀಕ್ಷಿಸಲು ಎಫ್-ಜೀರೊ ಒಳ್ಳೆಯದು. ರೇಸ್ ಶುರುವಾದ ಕೂಡಲೇ ಮೋಡ್ 7 ನೆಲ ಬರುತ್ತದೆ, ಅದು ಚೂರುಚೂರಾಗಿ ಕಂಡರೆ ಚಿತ್ರದ ಚಿಪ್ ಹೋಗಿರಬಹುದು, ಅದಕ್ಕೆ ಇನ್ನೊಂದು ಯಂತ್ರದಿಂದ ಕಿತ್ತು ಹಾಕುವುದರ ಹೊರತು ದಾರಿ ಇಲ್ಲ. ಪರದೆಯ ನಡುವೆ ಮಸುಕಾದ ಒಂದು ಲಂಬ ಗೆರೆ ಮಾತ್ರ ಕಂಡರೆ ಗಾಬರಿ ಬೇಡ, ಮೊದಲ ಮಾದರಿಗಳಲ್ಲಿ ಅದು ಸಾಮಾನ್ಯ.

ಹಳೆಯ ಟ್ಯೂಬ್ ಟಿವಿಯಲ್ಲಿ ಚಿತ್ರ ತಡವಿಲ್ಲದೆ ಬರುತ್ತದೆ. ಹೊಸ ಟಿವಿಗಳು 240 ಗೆರೆಯ ಈ ಸಂಕೇತವನ್ನು 480 ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆ ಬಿಡಿಸುವ ಬಗೆ) ಎಂದು ತಪ್ಪಾಗಿ ತಿಳಿಯುತ್ತವೆ. ಆಗ ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ, ಪೆಟ್ಟು ತಿಂದು ಮಿಣುಕುವ ಪಾತ್ರ ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗುತ್ತದೆ ಅಥವಾ ಮಾಯವೇ ಆಗುತ್ತದೆ. ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತಂತಿಯಲ್ಲಿ ಒಯ್ಯುವ ಆರ್‌ಜಿಬಿ ಕೇಬಲ್ ಜೊತೆಗೆ ಓಎಸ್‌ಎಸ್‌ಸಿ ಅಥವಾ ರೆಟ್ರೊಟಿಂಕ್ 5ಎಕ್ಸ್‌ನಂಥ ಪರಿವರ್ತಕ ಇಟ್ಟರೆ ಇದು ತಪ್ಪುತ್ತದೆ. ಕೇಬಲ್ ಕೊಳ್ಳುವಾಗ ಯಾವ ಪ್ರದೇಶದ್ದು ಎಂದು ಕೇಳಿ. 60ರ ಯಂತ್ರದ ಕೇಬಲ್ಲಿನಲ್ಲಿ ಮೂರು ಬಣ್ಣದ ತಂತಿಗೂ 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೇಕು, ಯುರೋಪಿನದರಲ್ಲಿ ಅದರ ಜಾಗದಲ್ಲಿ 75 ಓಮ್ ರೆಸಿಸ್ಟರ್. ಮಾಮೂಲು ಕಾಂಪೊಸಿಟ್ ಕೇಬಲ್ ಸಾಕೆಂದರೆ ನಿಂಟೆಂಡೊ 64 ಅಥವಾ ಗೇಮ್‌ಕ್ಯೂಬಿನದೇ ಇದಕ್ಕೂ ಆಗುತ್ತದೆ. 1997ರ ಪುಟ್ಟ ಮಾದರಿಯಲ್ಲಿ ಆರ್‌ಜಿಬಿ ಹೊರಗೆ ಬರುವುದಿಲ್ಲ, ಒಳಗೆ ತಂತಿ ಎಳೆಯಬೇಕು.

ಕಂಟ್ರೋಲರಿನ ಐದು ತಿರುಪುಗಳು ಸಾಮಾನ್ಯ ಫಿಲಿಪ್ಸ್, ಯಾರು ಬೇಕಾದರೂ ಬಿಚ್ಚಬಹುದು. ಸವೆಯುವುದು ಡಿ-ಪ್ಯಾಡಿನ ಕೆಳಗಿನ ರಬ್ಬರ್ ಹಾಳೆ. ಅದನ್ನು ಪರೀಕ್ಷಿಸಲು ಸ್ಟ್ರೀಟ್ ಫೈಟರ್ 2 ಹಾಕಿ ರ್ಯುವನ್ನು ಆರಿಸಿ, ಕೆಳಗೆ, ಕೆಳಗಿನ ಓರೆ, ಮುಂದೆ ಎಂದು ಹೆಬ್ಬೆರಳು ಜಾರಿಸಿ ಪಂಚ್ ಒತ್ತಿ. ಬಲಕ್ಕೆ ಮುಖ ಮಾಡಿ ಹತ್ತು ಸಲ, ಎಡಕ್ಕೆ ಹತ್ತು ಸಲ. ಒಂದು ಕಡೆ ಹತ್ತಕ್ಕೆ ಹತ್ತು ಹದೂಕೆನ್ (ರ್ಯು ಎಸೆಯುವ ಶಕ್ತಿಯ ಉಂಡೆ) ಬಂದು ಇನ್ನೊಂದು ಕಡೆ ಮೂರೋ ನಾಲ್ಕೋ ಬಂದರೆ ಕೈಯ ತಪ್ಪಿರಲಾರದು. ಬಿಚ್ಚಿ, ಬೋರ್ಡಿನ ಕಪ್ಪು ಚುಕ್ಕೆಗಳನ್ನು ಆಲ್ಕೊಹಾಲಿನಲ್ಲಿ ಮೆತ್ತಗೆ ಒರೆಸಿ ಮತ್ತೆ ಆಡಿ ನೋಡಿ. ಆಗಲೂ ಹಾಗೇ ಇದ್ದರೆ ಆ ಕಡೆಯ ರಬ್ಬರ್ ಮೂಲೆ ಹರಿದಿರುತ್ತದೆ, ಹಾಳೆಯನ್ನೇ ಬದಲಿಸಬೇಕು.